ಕತ್ತಿನಿಂದ ಕೆಳಗೆ ನಾನು

ಇದನ್ನು ನೀವು ನಂಬುವುದಿಲ್ಲ. ಬೇಸರವೇನೂ ಇಲ್ಲ. ನಮ್ಮ ಕಾಲೇಜಿನ ಕ್ಲಾಸಿನಲ್ಲಿ ಅರವತ್ತು ಜನ ನಂಬಲಿಲ್ಲ, ನಿಮ್ಮನ್ನೂ ಸೇರಿಸಿದರೆ ಅರವತ್ತೊಂದಾಗುತ್ತದೆ, ಅಷ್ಟೇ. ಠಾಣೆಯಿಂದ ಟಿಟ್ವಾಳಾವರೆಗೆ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ನಿಂತು ಮೊಬೈಲ್ ಉಜ್ಜುವ ಹೆಂಗಸರು ಎಷ್ಟಿದ್ದಾರೋ ಅಷ್ಟೂ ಜನ ನನ್ನನ್ನು ನೋಡಿದ್ದಾರೆ. ನೀಲಿ ಕುರ್ತಾದಲ್ಲಿ ನೋಡಿದ್ದಾರೆ, ಅದೇ ಕುರ್ತಾದ ಹಳದಿಯಲ್ಲಿ ನೋಡಿದ್ದಾರೆ, ಕೈಯನ್ನು ಸೊಂಟದ ಮೇಲಿಟ್ಟುಕೊಂಡು ಯಾರ ಮೇಲೋ ಸಿಟ್ಟಾದಂತೆ ನಿಂತದ್ದನ್ನೂ ನೋಡಿದ್ದಾರೆ. ಡೊಂಬಿವಲಿ ಪೂರ್ವದಲ್ಲಿ ನನ್ನಷ್ಟು ಪ್ರಸಿದ್ಧಳಾದ ಹುಡುಗಿ ಇನ್ನೊಬ್ಬಳಿಲ್ಲ. ಒಂದೇ ಒಂದು ಸಣ್ಣ ತೊಂದರೆ. ಆ ಯಾವ ಫೋಟೋದಲ್ಲೂ ನನಗೆ ತಲೆ ಇಲ್ಲ.

ಇದೆಲ್ಲ ನೆನಪಾದದ್ದು ಮೊನ್ನೆ ಕಂಪಾಸ್ ಡಬ್ಬಿ ತೆರೆದಾಗ. ಒಳಗೆ ಕೈವಾರ ಇರಲಿಲ್ಲ, ಕಪ್ಪು ಕ್ಲಿಪ್ ಇತ್ತು. ಆಫೀಸಿನಲ್ಲಿ ದಪ್ಪ ಕಾಗದದ ಕಟ್ಟಿಗೆ ಕಚ್ಚಿಸುತ್ತಾರಲ್ಲ, ಅದು. ನೀವದನ್ನು ಕಾಗದದ ಕ್ಲಿಪ್ ಅನ್ನುತ್ತೀರಿ, ನಾನು ಫ್ಯಾಷನ್ ಅನ್ನುತ್ತೇನೆ. ಮೊಬೈಲಿನಲ್ಲಿ ನೋಡಿ "ಎಷ್ಟು ಚಂದ ಫಿಟ್ಟಿಂಗ್" ಎಂದು ನೀವು ತರಿಸಿಕೊಂಡ ಕುರ್ತಾ ಮನೆಗೆ ಬಂದ ಮೇಲೆ ಯಾಕೆ ಗೋಣಿಚೀಲದಂತೆ ಇರುತ್ತದೆ ಗೊತ್ತೇ? ಫೋಟೋದಲ್ಲಿ ಅದರ ಬೆನ್ನಿಗೆ ಹದಿನಾರು ಕ್ಲಿಪ್ ಇರುತ್ತವೆ. ಎಲ್ಲ ಬಟ್ಟೆಯನ್ನೂ ಹಿಂದಕ್ಕೆ ಎಳೆದು ಕಚ್ಚಿಸಿರುತ್ತಾರೆ. ಎದುರಿನಿಂದ ರಾಣಿ, ಹಿಂದಿನಿಂದ ಮುಳ್ಳುಹಂದಿ. ಒರಗಿ ಕೂರುವಂತಿಲ್ಲ, ಜೋರಾಗಿ ಉಸಿರು ಬಿಟ್ಟರೆ ಒಂದೆರಡು ಹಾರಿ ಹೋಗುತ್ತವೆ.

ಆ ಕ್ಲಿಪ್ಪುಗಳ ಒಡತಿ ಶೈಲಾ ಅತ್ತ್ಯಾ, ಅಪ್ಪನ ಒಬ್ಬಳೇ ತಂಗಿ. ಮೂಲದಲ್ಲಿ ನಾವು ಬಾಗಲಕೋಟೆ ಕಡೆಯವರು. ಅವಳ ಕಾರ್ಡಿನ ಮೇಲೆ "ಫ್ಯಾಷನ್ ಮತ್ತು ಪೋರ್ಟ್ರೇಟ್ ಫೋಟೋಗ್ರಾಫರ್" ಎಂದಿದೆ. ಅಪ್ಪನಿಗೆ ಈ ಹೆಸರು ಬಾಯಲ್ಲಿ ಬರುವುದಿಲ್ಲ ಎಂದಲ್ಲ, ತರುವುದಿಲ್ಲ. ಮನೆಗೆ ಬಂದವರು "ತಂಗಿ ಏನ್ ಮಾಡ್ತಾರ್ರಿ?" ಎಂದು ಕೇಳಿದರೆ "ಕಂಪ್ಯೂಟರ್‌ದಾಗ ಐತ್ರಿ ಆಕೀದು" ಎಂದು ಹೇಳಿ ಚಹಾ ತರಲು ಎದ್ದುಬಿಡುತ್ತಾರೆ. ಠಾಣೆಯ ಒಂದು ಕಂಪನಿಯಲ್ಲಿ ಸ್ಟೋರ್ ನೋಡಿಕೊಳ್ಳುವ ಅಪ್ಪನ ಪ್ರಕಾರ ಕೆಲಸ ಎಂದರೆ ಬೆಳಿಗ್ಗೆ ಹೋಗುವ ಜಾಗ, ಸಂಜೆ ಬರುವ ಲೋಕಲ್, ಕೊರಳಲ್ಲಿ ಐಡಿ ಕಾರ್ಡ್. ಅತ್ತ್ಯಾಳ ಕೊರಳಲ್ಲಿ ಕ್ಯಾಮೆರಾ ಇದೆ, ಅದಕ್ಕೆ ರಜೆ ಹಾಕಲು ಬರುವುದಿಲ್ಲ.

ಅವಳು ಕೈ ಪಳಗಿಸಿಕೊಂಡದ್ದು ನನ್ನ ಮೇಲೆ. ನಾನು ನಾಲ್ಕು ವರ್ಷದವಳಿದ್ದಾಗಿನಿಂದ. ನಮ್ಮ ಹಾಲಿನ ಕಿಟಕಿಯ ಎದುರು ಪಕ್ಕದ ಬಿಲ್ಡಿಂಗಿನ ಗೋಡೆ, ಬಿಸಿಲು ಬರುವುದು ಹನ್ನೊಂದಕ್ಕೆ, ಹೋಗುವುದು ಹನ್ನೊಂದೂಕಾಲಿಗೆ. ಆ ಕಾಲು ಗಂಟೆಗೋಸ್ಕರ ಅತ್ತ್ಯಾ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಸ್ಟೀಲಿನ ಊಟದ ತಾಟನ್ನು ನನ್ನ ತೊಡೆಯ ಮೇಲೆ ಓರೆಯಾಗಿ ಹಿಡಿಸುತ್ತಿದ್ದಳು. ತಾಟಿನಿಂದ ಬೆಳಕು ಪುಟಿದು ಗದ್ದದ ಕೆಳಗೆ ಬೀಳಬೇಕು. ಅಷ್ಟರಲ್ಲಿ ಅಮ್ಮ ಅಡಿಗೆಮನೆಯಿಂದ, "ಶೈಲಾ, ತಾಟ್ ಕೊಡವಾ, ಊಟಕ್ಕ ಹಾಕಬೇಕು" ಎಂದು ಕೂಗುತ್ತಿದ್ದಳು. ಎಷ್ಟೋ ವರ್ಷ ನಮ್ಮ ಮನೆಯಲ್ಲಿ ಬೆಳಕು ಮತ್ತು ಅನ್ನ ಒಂದೇ ತಾಟಿನಲ್ಲಿ ನಡೆದವು.

ಒಂದು ವಿಷಯ ಮಾತ್ರ ನಾನು ಆಗಲೇ ಗಮನಿಸಿದ್ದೆ. ಅತ್ತ್ಯಾ ಯಾರಿಗೂ "ನಗ್ರಿ" ಎಂದು ಹೇಳುವುದಿಲ್ಲ. ಮಾಡೆಲ್ ಆಗಬೇಕೆಂದು ಬರುವ ಜಿಮ್ಮಿನ ಹುಡುಗರಿಗಾಗಲಿ, ಪ್ರೊಫೈಲ್ ಫೋಟೋಕ್ಕೆ ಬರುವ ಬ್ಯಾಂಕ್ ಮ್ಯಾನೇಜರಿಗಾಗಲಿ. ಕ್ಯಾಮೆರಾ ಎತ್ತಿ, ಕಣ್ಣಿಗೆ ಹಚ್ಚಿ, "ಮುಂಜಾನೆ ಏನ್ ತಿಂದ್ರಿ?" ಎಂದು ಕೇಳುತ್ತಾಳೆ. ಮನುಷ್ಯ ನೆನಪು ಮಾಡಿಕೊಳ್ಳಲು ಒಂದು ಕ್ಷಣ ಒಳಗೆ ಹೋಗುತ್ತಾನೆ, ಆ ಕ್ಷಣಕ್ಕೆ ಅವಳು ಒತ್ತುತ್ತಾಳೆ. "ನಗೂವಾಗ ಎಲ್ಲಾರೂ ಬ್ಯಾರೆ ಯಾರೋ ಆಗಿರ್ತಾರ. ನಾಷ್ಟಾ ನೆನಸೂವಾಗ ಯಾರೂ ಸುಳ್ಳು ಆಡೂದುಲ್ಲ." ಮೂರು ದಿನದಿಂದ ಬರೀ ಬಿಸ್ಕೀಟು ತಿಂದಿದ್ದ ಒಬ್ಬ ಮಾಡೆಲ್ ಹುಡುಗ ಈ ಪ್ರಶ್ನೆಗೆ ಅತ್ತುಬಿಟ್ಟ. ಅತ್ತ್ಯಾ ಕ್ಯಾಮೆರಾ ಕೆಳಗಿಟ್ಟು ಅವನಿಗೆ ವಡಾಪಾವ್ ತರಿಸಿ, ಆಮೇಲೆ ಫೋಟೋ ತೆಗೆದಳು. ಅದನ್ನು ನೋಡಿದರೆ ನೀವು ಆ ಹುಡುಗನಿಗೆ ನಿಮ್ಮ ಮನೆಯ ಬೀಗದ ಕೈ ಕೊಡುತ್ತೀರಿ.

ಆದರೆ ಮುಖದಿಂದ ಹೊಟ್ಟೆ ತುಂಬುವುದಿಲ್ಲ. ಹೊಟ್ಟೆ ತುಂಬುವುದು ಕತ್ತಿನಿಂದ ಕೆಳಗಿನದರಿಂದ. ಕುರ್ತಾ ವ್ಯಾಪಾರಿಗಳಿಗೆ ಮುಖ ಬೇಡ. ಒಂದೇ ಮುಖ ಎರಡು ಅಂಗಡಿಯ ಕ್ಯಾಟಲಾಗಿನಲ್ಲಿ ಕಂಡರೆ ಅವರಿಬ್ಬರ ಜಗಳ, ತಲೆ ಇಲ್ಲದಿದ್ದರೆ ಎಲ್ಲರಿಗೂ ಶಾಂತಿ. ಹಾಗಾಗಿ ಅತ್ತ್ಯಾ ಪೂರ್ತಿ ಫೋಟೋ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಕುಳಿತು ತಲೆ ಕತ್ತರಿಸುತ್ತಾಳೆ. "ದಿನಕ್ಕ ಅರವತ್ತು ತಲಿ ಕಡೀತೀನಿ ನೋಡ್, ಮೇಘೀ. ಯಾವ ಡಾಕೂನೂ ಇಷ್ಟು ಕಡದಿರಂಗಿಲ್ಲ" ಎಂದು ನಗುತ್ತಾಳೆ. ನಗು ಅರ್ಧಕ್ಕೇ ನಿಲ್ಲುತ್ತದೆ.

ರಜೆಯಲ್ಲಿ ಅವಳ ಕುರ್ತಾ ಫೋಟೋಗಳಿಗೆ ನಾನು ನಿಲ್ಲುತ್ತೇನೆ ಎಂದಾಗ ಅಪ್ಪ ಎರಡು ದಿನ ಯೋಚಿಸಿದರು. ನನ್ನ ಎತ್ತರ ಐದಡಿ ಎಂಟಿಂಚು. ನಮ್ಮ ಮನೆತನದಲ್ಲಿ ಎತ್ತರವನ್ನು ಉಪ್ಪಿನಕಾಯಿ ಭರಣಿ ಇಳಿಸಲು ಮಾತ್ರ ಬಳಸುತ್ತಿದ್ದರು, ಅದರಿಂದ ಬೇರೆ ಉಪಯೋಗವೂ ಇದೆ ಎಂದು ತೋರಿಸಿದ ಮೊದಲಿಗಳು ನಾನೇ. ಕೊನೆಗೆ ಅಪ್ಪ ಒಂದು ಕರಾರು ಹಾಕಿದರು. "ಮಾರಿ ಕಾಣಬಾರದು. ಹದಿನೆಂಟು ತುಂಬೂತನಕ ಮಾರಿ ಎಲ್ಲಿಯೂ ಕಾಣಬಾರದು." ಅತ್ತ್ಯಾ ಒಪ್ಪಿದಳು. ನನ್ನನ್ನು ಯಾರೂ ಕೇಳಲಿಲ್ಲ, ಮುಖ ನನ್ನದೇ ಆದರೂ.

ಅವಳ ಸ್ಟುಡಿಯೋ ಇರುವುದು ಶಹಾಡ್‌ನಲ್ಲಿ, ಸಣ್ಣ ಕಾರ್ಖಾನೆಗಳ ಸಾಲಿನಲ್ಲಿ ಒಂದು ಗಾಳಾ. ಗಾಳಾ ಎಂದರೆ ಶಟರ್ ಇರುವ ಒಂದು ದೊಡ್ಡ ಕೋಣೆ, ಒಳಗೆ ಏನು ಬೇಕಾದರೂ ತಯಾರಾಗಬಹುದು. ಎಡಗಡೆಯ ಗಾಳಾದಲ್ಲಿ ಬಕೆಟ್ಟಿನ ಹಿಡಿಕೆ ತಯಾರಾಗುತ್ತದೆ. ಬಲಗಡೆಯದು ಮಸಾಲೆ ಗಿರಣಿ. ಅರಿಸಿನ, ಧನಿಯಾ ಬೀಸುವಾಗ ಪರವಾಗಿಲ್ಲ, ಮಾಡೆಲ್‌ಗಳಿಗೆ ಹಸಿವಾಗುತ್ತದೆ ಅಷ್ಟೇ. ಒಣಮೆಣಸಿನಕಾಯಿಯ ಸರದಿ ಬಂದಾಗ ಮಾತ್ರ ಅತ್ತ್ಯಾ "ಬ್ರೇಕ್!" ಎಂದು ಕೂಗುತ್ತಾಳೆ, ಮತ್ತು ಶಹಾಡ್‌ನ ಫ್ಯಾಷನ್ ಲೋಕ ಒಟ್ಟಾಗಿ ಮೂಗು ಮುಚ್ಚಿಕೊಂಡು ರಸ್ತೆಗೆ ಓಡುತ್ತದೆ.

ಕಳೆದ ದೀಪಾವಳಿ ರಜೆಯಲ್ಲಿ ಆ ಗಾಳಾ ಕೈಬಿಟ್ಟು ಹೋಗುವ ಹೊತ್ತು ಬಂದಿತ್ತು. ಕುರ್ತಾದವರು ಈಗ ಮೊಬೈಲಿನಲ್ಲೇ ಫೋಟೋ ತೆಗೆದುಕೊಳ್ಳುತ್ತಾರೆ, ಕಂಪ್ಯೂಟರೇ ಹುಡುಗಿಯನ್ನೂ ಮಾಡಿಕೊಡುತ್ತದಂತೆ, ಅದಕ್ಕೆ ಕ್ಲಿಪ್ಪೂ ಬೇಡ. ಇನ್ನೊಂದು ದೊಡ್ಡ ಕೆಲಸ ಸಿಗದಿದ್ದರೆ ದೀಪ, ಪರದೆ ಎಲ್ಲ ಟಿಟ್ವಾಳಾದ ಅವಳ ಒಂದೇ ಕೋಣೆಯ ಮನೆಯಲ್ಲಿ ಮಂಚದ ಕೆಳಗೆ. ಅಪ್ಪ ಅಷ್ಟರಲ್ಲಾಗಲೇ ಒಂದು ಶಾಲೆಯ ಆಫೀಸಿನಲ್ಲಿ ಅವಳ ನೌಕರಿಗಾಗಿ ಮಾತಾಡಿ ಬಂದಿದ್ದರು. ಅತ್ತ್ಯಾ ಬೇಡ ಅನ್ನಲೂ ಇಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ.

ಆ ಶನಿವಾರ ಬಂದವರು ಸಾವಕಾರ್ರು. ಕಲ್ಯಾಣದಲ್ಲಿ ಅವರದು ಇಳಕಲ್ ಸೀರೆಯ ಅಂಗಡಿ, ಎರಡು ತಲೆಮಾರಿನದು. ಬಿಳಿ ಟೊಪ್ಪಿಗೆ, ಬಾಯಲ್ಲಿ ಅಡಿಕೆ, ಕೈಯಲ್ಲಿ ಎರಡು ಗಂಟು. ಮೊದಲ ಗಂಟಿನಲ್ಲಿ ಎಂಟು ಸೀರೆ, ಪರೀಕ್ಷೆಗೆ. ಫೋಟೋ ಮೆಚ್ಚಿಗೆಯಾದರೆ ಎರಡನೆಯ ಗಂಟು ಬಿಚ್ಚುತ್ತಾರೆ, ಲಗ್ನದ ಸೀಸನ್ನಿನ ಪೂರ್ತಿ ಕೆಲಸ ಅತ್ತ್ಯಾಳದು. ಘಣಸೋಲಿಯಿಂದ ಬರಬೇಕಿದ್ದ ಮಾಡೆಲ್ ಮಾತ್ರ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ "ಪಾಂಚ್ ಮಿನಿಟ್ ಮೇ ಆಯೀ ದೀದಿ" ಎನ್ನುತ್ತಲೇ ಇದ್ದಳು. ಹನ್ನೊಂದಕ್ಕೆ ಫೋನ್ ಬಂದ್ ಆಯಿತು.

"ಈ ಹುಡುಗಿ ಐತಲ್ರಿ, ಎತ್ತರ," ಎಂದು ಸಾವಕಾರ್ರು ನನ್ನನ್ನು ತೋರಿಸಿದರು. ಒಳ್ಳೆಯ ಕಣ್ಣು ಅವರದು.

"ಕುತ್ತಿಗಿ ತನಕ ಅಷ್ಟೇರಿ, ಸಾವಕಾರ್ರ," ಎಂದಳು ಅತ್ತ್ಯಾ. "ಮ್ಯಾಲಿಂದು ನಮ್ಮ ಅಣ್ಣಂದು."

ಹಾಗೆ ನಾನೇ ನಿಂತೆ. ಮೊದಲನೆಯದು ದಾಳಿಂಬೆ ಬಣ್ಣದ ಸೀರೆ, ಕೆಂಪು ಸೆರಗು, ಖಣದ ಕುಪ್ಪಸ. ಕುಪ್ಪಸ ಯಾರದೋ ಗಟ್ಟಿಮುಟ್ಟಾದ ಅಜ್ಜಿಯ ಅಳತೆಯದು, ನನ್ನಂಥವರು ಅದರೊಳಗೆ ಇಬ್ಬರು ಹಿಡಿಸುತ್ತಿದ್ದೆವು. ಹಿಂದೆ ಇಪ್ಪತ್ತೆರಡು ಕ್ಲಿಪ್ ಬಿದ್ದವು, ಅದು ನನ್ನ ದಾಖಲೆ. ಕ್ಯಾಮೆರಾದಿಂದ ಒಂದು ವೈರು ಕಂಪ್ಯೂಟರಿನ ದೊಡ್ಡ ಪರದೆಗೆ ಹೋಗುತ್ತದೆ, ತೆಗೆದ ಫೋಟೋ ಅಲ್ಲೇ ಕಾಣುತ್ತದೆ. ಸಾವಕಾರ್ರು ಅದರ ಎದುರು ಕುರ್ಚಿ ಹಾಕಿಕೊಂಡು ಕುಳಿತರು. ಐದು ಸೀರೆ ಆಗುವವರೆಗೆ ಅವರು "ಹೂಂ" ಎಂದಷ್ಟೇ ಅಂದರು. ಒಂದು ಸಲ ಆಕಳಿಸಿದರು. ಅತ್ತ್ಯಾ ದೀಪ ಸರಿಸಿದಳು, ನನ್ನ ಹಿಂದಿನ ಬಟ್ಟೆ ಬದಲಿಸಿದಳು, ಸೆರಗಿನ ಒಂದು ಮಡಿಕೆಗೆ ಹತ್ತು ನಿಮಿಷ ಕೊಟ್ಟಳು. ಮತ್ತೆ "ಹೂಂ".

ಆರನೆಯ ಸೀರೆಗೆ ಬಲಗಡೆ ಗಿರಣಿ ಶುರುವಾಯಿತು. ನನ್ನ ಮೂಗಿಗೆ ಮೊದಲು ತಿಳಿಯಿತು. ಅತ್ತ್ಯಾ "ಬ್ರೇಕ್" ಅನ್ನುತ್ತಾಳೆ ಎಂದು ಕಾದೆ. ಅವಳು ಅನ್ನಲಿಲ್ಲ. ಕ್ಯಾಮೆರಾ ಹಿಂದಿನಿಂದ ಮೆಲ್ಲಗೆ, "ಸೀನಬ್ಯಾಡ. ಅಲ್ಲೇ ಹಿಡಿ. ಬಾಗಲ ಕಡೆ ಹೊಳ್ಳು. ಸ್ವಲ್ಪ," ಎಂದಳು. ನಾನು ಸೀನನ್ನು ಹೇಗೆ ಹಿಡಿದೆ ಎಂದು ಈಗ ಕೇಳಬೇಡಿ. ಲೋಕಲ್ ಗಾಡಿಯನ್ನು ಎರಡು ಕೈಯಲ್ಲಿ ಎಳೆದು ನಿಲ್ಲಿಸಿದವರಿದ್ದರೆ ಅವರಿಗೆ ಅರ್ಥವಾದೀತು. ಕಣ್ಣಿಗೆ ನೀರು ತುಂಬಿತು, ತುಳುಕಲಿಲ್ಲ. ಕ್ಲಿಕ್ ಎಂದಿತು. ಆಮೇಲೆ ನಾನು ಸೀನಿದೆ. ಇಪ್ಪತ್ತೆರಡರಲ್ಲಿ ಒಂಬತ್ತು ಕ್ಲಿಪ್ ಹಾರಿದವು, ಒಂದು ಬಕೆಟ್ಟಿನವರ ಗೋಡೆಗೆ ಬಡಿಯಿತು, ಇನ್ನೊಂದು ಸಿಕ್ಕೇ ಇಲ್ಲ.

ಮೂಗು ಒರೆಸಿಕೊಂಡು ಪರದೆ ನೋಡಿದೆ. ನೋಡಿ, ಇಲ್ಲಿಯವರೆಗೆ ನಾನು ಸ್ವಲ್ಪ ಉಪ್ಪು ಖಾರ ಹಚ್ಚಿ ಹೇಳಿರಬಹುದು, ಕ್ಲಿಪ್ಪಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ಇರಬಹುದು. ಇದನ್ನು ಮಾತ್ರ ಹಾಗೇ ಹೇಳುತ್ತಿದ್ದೇನೆ. ಪರದೆಯ ಮೇಲೆ ಒಬ್ಬಳು ನಿಂತಿದ್ದಳು. ಹೊರಗಿನಿಂದ ಯಾರೋ ಅವಳನ್ನು ಕರೆದಿದ್ದಾರೆ, ಅವಳಿಗೆ ಕೇಳಿಸಿದೆ, ತಿರುಗಿದ್ದಾಳೆ, ಉತ್ತರ ಮಾತ್ರ ಇನ್ನೂ ಕೊಟ್ಟಿಲ್ಲ. ಕೊಟ್ಟರೆ ಹೋಗಲೇಬೇಕಾಗುತ್ತದೆ ಎಂದು ಗೊತ್ತಿರುವವಳು. ಅವಳ ಮೂಗು ನನ್ನದು, ಹುಬ್ಬಿನ ಮೇಲಿನ ಗಾಯದ ಗುರುತು ನನ್ನದು. ಉಳಿದದ್ದು ಎಲ್ಲಿಂದ ಬಂತು? ಅಲ್ಲಿದ್ದದ್ದು ಮೆಣಸಿನಕಾಯಿ, ನನಗೆ ಗೊತ್ತು, ಮೂಗಿನೊಳಗೆ ಇನ್ನೂ ಉರಿಯುತ್ತಿತ್ತು. ಪರದೆಯಲ್ಲಿ ಮೆಣಸಿನಕಾಯಿ ಎಲ್ಲಿಯೂ ಇರಲಿಲ್ಲ.

ಸಾವಕಾರ್ರು ಕನ್ನಡಕ ತೆಗೆದು ಧೋತರದ ತುದಿಗೆ ಒರೆಸಿ ಮತ್ತೆ ಹಾಕಿಕೊಂಡರು. "ನನ್ನ ಮಗಳು," ಎಂದರು, "ಲಗ್ನಾ ಮಾಡಿ ಸೊಲ್ಲಾಪುರಕ್ಕ ಕಳಸೂವಾಗ ಹಿಂಗ ನಿಂತಿದ್ಲು."

"ಸಾವಕಾರ್ರ, ಅದು ಮೆಣಸಿನಕಾಯಿ ಘಾಟ್ರಿ," ಎಂದಳು ಅತ್ತ್ಯಾ.

"ಇರ್ಲಿ ಬಿಡ್ರಿ. ನನ್ನ ಮಗಳು ಅತ್ತದ್ದೂ ಅರ್ಧ ಹೋಮದ ಹೊಗಿಗೇ." ಅವರು ಎರಡನೆಯ ಗಂಟನ್ನು ಎತ್ತಿ ಮೇಜಿನ ಮೇಲಿಟ್ಟರು. "ಸೀಸನ್ ನಿಮ್ದು. ಈ ಮಾರಿ ಎಲ್ಲಾ ಸೀರಿ ಡಬ್ಬಿ ಮ್ಯಾಲ ಬರಬೇಕು. ದೊಡ್ಡದಾಗಿ."

"ಮಾರಿ ಬರೂದುಲ್ರಿ. ಮೊದಲೇ ಹೇಳೇನಿ."

"ಹಂಗಾರ ಠಾಣೆದಾಗ ಒಬ್ಬಾಂವ ಇದ್ದಾನ. ಬಿಳೀ ಗ್ವಾಡಿ ಮುಂದ ನಿಲ್ಲಸಿ ಸಸ್ತಾದಾಗ ತಗೀತಾನ. ಬರೇ ಸೀರಿ ಬೇಕಂದ್ರ ಅವನೇ ಸಾಕಲ್ರಿ ನನಗ?"

ಈಗ ನೀವೇ ಹೇಳಿ. ಒಂದು ಕಡೆ ಗಾಳಾ ಉಳಿಯುತ್ತದೆ. ಇನ್ನೊಂದು ಕಡೆ ಕಲ್ಯಾಣದ ಪ್ರತಿ ಮದುವೆ ಮನೆಯಲ್ಲೂ ನನ್ನ ಮುಖ, ಈ ಸಲ ಕತ್ತಿನ ಮೇಲೆ. ನಾನು ಮಾಡಿದ್ದನ್ನು ಯಾರಾದರೂ ಮಾಡುತ್ತಿದ್ದರು. "ಅಪ್ಪಾ ಹೂಂ ಅಂದಾರ," ಎಂದೆ. "ಮೊನ್ನೆ ಕೇಳಿದೆ ನಾ. ಮಾರಿ ಬಂದ್ರೂ ಚಲೇಗಾ ಅಂದ್ರು."

ಅತ್ತ್ಯಾ ನನ್ನ ಕಡೆ ತಿರುಗಿದಳು. ಕ್ಯಾಮೆರಾ ಅವಳ ಎದೆಯ ಮೇಲೆಯೇ ಇತ್ತು. "ಮೇಘೀ, ಮುಂಜಾನೆ ಏನ್ ತಿಂದಿ?"

"ಅದು... ಥಾಲಿಪೀಟು," ಎಂದೆ. ನಾಷ್ಟಾ ನಿಜವೇ. ಆದರೆ ಅದನ್ನು ನೆನೆಯುವ ಹೊತ್ತಿನಲ್ಲಿ ಮುಖದ ಮೇಲೆ ಇದ್ದ ಸುಳ್ಳು ಜಾರಿ ಬಿದ್ದದ್ದು ನನಗೇ ಗೊತ್ತಾಯಿತು. ಅವಳು ಫೋನ್ ತೆಗೆದಳು.

"ಅಣ್ಣಾ, ಅರ್ಧಾ ದಿನ ಅಲ್ಲ ಇವತ್ತ? ಶಹಾಡ್‌ಗೆ ಬಾ. ಏನಿಲ್ಲ, ಒಂದು ಫೋಟೋ ನೋಡೂದೈತಿ."

"ಅತ್ತ್ಯಾ, ಪಾಗಲ್ ಏನ ನೀ?" ನಾನು ಅವಳ ಕಿವಿ ಕಚ್ಚುವುದೊಂದು ಬಾಕಿ. "ಅಪ್ಪಾ ಬ್ಯಾಡ ಅಂತಾರ! ಗಾಳಾ ಹೋಗ್ತದ!"

"ಹೋಗಲಿ."

"ನೀನೇ ತಗದಿ ಅಲ್ಲ, ಫೋಟೋ ನಿಂದೇ!"

"ಫೋಟೋ ನಂದು. ಅದರಾಗಿನ ಮಾರಿ ನಂದಲ್ಲ," ಎಂದಳು ಅತ್ತ್ಯಾ. "ನಾಳೆ ಡಬ್ಬಿ ನೋಡಿ ಯಾರೋ ಏನೋ ಅಂದ್ರ ಅದನ್ನ ಹೊತಗೊಂಡು ಅಡ್ಡಾಡಾಕಿ ನೀ." ಮತ್ತೆ ಬಗ್ಗಿ, ಹಾರಿದ ಕ್ಲಿಪ್ಪುಗಳನ್ನು ಹೆಕ್ಕಿ ಒಂದೊಂದಾಗಿ ನನ್ನ ಬೆನ್ನಿಗೆ ಕಚ್ಚಿಸಿದಳು. ಉಳಿದ ಎರಡು ಸೀರೆಗಳ ಫೋಟೋವನ್ನೂ ತೆಗೆದಳು. ಆರು ತಿಂಗಳ ಅನ್ನವನ್ನು ಒಂದು ಫೋನ್ ಕರೆಯಲ್ಲಿ ಪಣಕ್ಕಿಟ್ಟು, ಎಂಟನೆಯ ಸೀರೆಯ ನಿರಿಗೆ ಒಂದು ಬೆರಳು ಓರೆಯಾಗಿದೆ ಎಂದು ಮಂಡಿಯೂರಿ ಸರಿಮಾಡುವವಳನ್ನು ನೀವು ನೋಡಿದ್ದೀರಾ? ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಮೇಲಿನಿಂದ ಅವಳ ನೆತ್ತಿ ಕಾಣುತ್ತಿತ್ತು, ಬೈತಲೆಯಲ್ಲಿ ನಾಲ್ಕು ಬಿಳಿ ಕೂದಲು. ಸಾವಕಾರ್ರೂ ಅಡಿಕೆ ಜಗಿಯುವುದನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದರು.

ಮುಕ್ಕಾಲು ಗಂಟೆಯಲ್ಲಿ ಅಪ್ಪ ಬಂದರು. ಗಾಳಾದ ಬಾಗಿಲಲ್ಲಿ ಯಾರೂ ಚಪ್ಪಲಿ ಬಿಡುವುದಿಲ್ಲ, ಅಪ್ಪ ಬೂಟು ಬಿಚ್ಚಿಟ್ಟು ಒಳಗೆ ಬಂದರು. ಹೆಗಲಲ್ಲಿ ಟಿಫಿನ್ ಚೀಲ, ಕೊರಳಲ್ಲಿ ಐಡಿ ಕಾರ್ಡ್. ಇಷ್ಟು ವರ್ಷದಲ್ಲಿ ಅವರು ತಂಗಿಯ ಸ್ಟುಡಿಯೋಕ್ಕೆ ಬಂದದ್ದು ಅದೇ ಮೊದಲು. ದೀಪ ನೋಡಿದರು, ಪರದೆ ನೋಡಿದರು, ಸೀರೆಯಲ್ಲಿ ನಿಂತ ನನ್ನನ್ನು ನೋಡಿದರು. ನಾನು ನನ್ನ ಅತ್ಯುತ್ತಮ ಮುಖ ಮಾಡಿದೆ.

ಅತ್ತ್ಯಾ ಆ ಫೋಟೋ ಹಾಕಿ ಪಕ್ಕಕ್ಕೆ ಸರಿದಳು.

ಅಪ್ಪ ಹತ್ತಿರ ಹೋಗಿ ನೋಡಿದರು. ಎರಡು ಹೆಜ್ಜೆ ಹಿಂದೆ ಬಂದು ನೋಡಿದರು, ಸ್ಟೋರಿಗೆ ಬಂದ ಮಾಲನ್ನು ಪರೀಕ್ಷಿಸುವವರ ಹಾಗೆ. ಸಾವಕಾರ್ರು, "ಸಾಹೇಬ್ರ, ಡಬ್ಬಿ ಮ್ಯಾಲ ಹಾಕ್ತೀವ್ರಿ, ಮರ್ಯಾದಿಲಿಂದ. ಇಳಕಲ್‌ದಿಂದ ಕಲ್ಯಾಣ ಮಟ ಮಂದಿ ನೋಡ್ತಾರ," ಎಂದರು.

"ಬ್ಯಾಡ್ರಿ," ಎಂದರು ಅಪ್ಪ.

ಮುಗಿಯಿತು. ಸಾವಕಾರ್ರು ನಿಟ್ಟುಸಿರು ಬಿಟ್ಟು ಗಂಟಿನ ಕಡೆ ಕೈ ಚಾಚಿದರು. ಅತ್ತ್ಯಾ ಒಂದು ದೀಪ ಆರಿಸಿ ಅದರ ವೈರನ್ನು ಮೊಣಕೈಗೆ ಸುತ್ತತೊಡಗಿದಳು. ಅಪ್ಪ ಮಾತ್ರ ಪರದೆಯ ಮುಂದಿನಿಂದ ಕದಲಲಿಲ್ಲ.

"ಸಾವಕಾರ್ರ, ಒಂದ್ ನಿಮಿಷ. ಈ ಮಾರಿ ಮೆಚ್ಚೀರಿ ನೀವು. ಈಗ ಅಲ್ಲಿ ನಿಂತಾಳಲ್ಲ, ಆಕೀನ್ ನೋಡ್ರಿ."

ಮೂವರೂ ನನ್ನನ್ನು ನೋಡಿದರು. ಮೂಗು ಸೋರುತ್ತಿತ್ತು.

"ಹದಿನೇಳು ವರ್ಷ ಆತ್ರಿ, ದಿನಾ ಈ ಮಾರಿ ನೋಡಾಕತ್ತೀನಿ. ಪರೀಕ್ಷಾದಾಗ ನೋಡೇನಿ, ಜ್ವರ ಬಂದಾಗ ನೋಡೇನಿ, ಸುಳ್ಳು ಹೇಳೂವಾಗ ಅಂತೂ ಬಾಳ ಸಲ ನೋಡೇನಿ. ಇದು ಎಂದೂ ಕಂಡಿಲ್ಲ ನನಗ." ಅಪ್ಪನ ಬೆರಳು ಪರದೆಗೆ ತಾಗುವಷ್ಟು ಹತ್ತಿರ ಹೋಗಿ ನಿಂತಿತು. "ನಾ ಅಪ್ಪ ಇದ್ದು ಕಾಣಲಿಲ್ಲ. ಆಕಿಗೆ ಕಂಡೈತಿ. ನೀವು ಹುಡುಗೀನ್ನ ಮೆಚ್ಚಿಲ್ರಿ, ನನ್ನ ತಂಗೀನ್ನ ಮೆಚ್ಚೀರಿ. ಹದಿನೆಂಟು ತುಂಬಿದಾಕಿ, ಮನ್ಯಾಗ ಹೂಂ ಅಂದಾಕಿ ಯಾರನ್ನರೆ ಕರಕೊಂಡು ಬರ್ರಿ. ನಮ್ಮ ಶೈಲಾ ತಗೀತಾಳ."

ಸಾವಕಾರ್ರು ಪರದೆ ನೋಡಿದರು. ನನ್ನನ್ನು ನೋಡಿದರು. ಮತ್ತೆ ಪರದೆ, ಮತ್ತೆ ನನ್ನನ್ನು. "ಖರೆ ಐತ್ರಿ," ಎಂದರು. ಇಷ್ಟು ಬೇಗ ಒಪ್ಪುವ ಅಗತ್ಯವಿರಲಿಲ್ಲ. ಗಂಟಿನ ಮೇಲಿದ್ದ ಕೈಯಿಂದ ಅದನ್ನು ಅತ್ತ್ಯಾಳ ಕಡೆ ದೂಡಿದರು. "ಸೋಮವಾರ ನಮ್ಮ ಸೊಸೀನ್ನ ಕಳಸ್ತೀನ್ರಿ. ಆಕಿ ನಕ್ಕಿದ್ದ ನಾವ್ಯಾರೂ ನೋಡಿಲ್ಲ."

ಅತ್ತ್ಯಾ ಅರ್ಧ ಸುತ್ತಿದ ವೈರು ಹಿಡಿದು ಹಾಗೇ ನಿಂತಿದ್ದಳು. ಆಗ ಅವಳ ಮುಖದಲ್ಲಿ ಇದ್ದದ್ದನ್ನು ತೆಗೆಯಬೇಕಿತ್ತು, ಆದರೆ ತೆಗೆಯಬಲ್ಲವಳು ಆ ಗಾಳಾದಲ್ಲಿ ಅವಳೊಬ್ಬಳೇ.

"ಅಣ್ಣಾ, ಚಾ ತರಸ್ಲಿ?" ಎಂದಳು.

"ತರಸು. ಈಕೀದು ಇವತ್ತಿಗೆ ಬಂದ್. ಹದಿನೆಂಟು ಆಗೂತನಕ ಕುತ್ತಿಗಿ ಕೆಳಗಿಂದೂ ಬಂದ್."

"ಆದ್ರ ಅಪ್ಪಾ, ಸೀನು ಹಿಡದಾಕಿ ನಾನ..."

"ನೀ ಸುಮ್ಮನಿರು," ಎಂದರು ಅಣ್ಣ ತಂಗಿ ಇಬ್ಬರೂ, ಒಂದೇ ಉಸಿರಿನಲ್ಲಿ.